ಒಂಬತ್ತನೆಯ ಹಂತದಲ್ಲಿ ನಾನು ಹೇಳಿದ ‘ತಿಳಿಯಿತು’

ಫೆಬ್ರುವರಿ 30, 2191
ಒಣಬಯಲು ವಿಶ್ವವಿದ್ಯಾಲಯ, ಲಕ್ಷ್ಮೇಶ್ವರ

ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿರುವ ಹಿಂದಿನ ಕಾಲದವರಿಗೆ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ದಿನಪತ್ರಿಕೆಗಳನ್ನು ಓದಿ ಅದೇ ಭಾಷೆಯಲ್ಲಿ ಬರೆಯಲು ಪ್ರಯತ್ನಿಸಿದ್ದೇನೆ. ನಿಮಗೆ ಗೊತ್ತಿಲ್ಲದ ಪದ ಬಂದಲ್ಲಿ ವಿವರಿಸುತ್ತೇನೆ. ನನ್ನ ಹೆಸರು ಮಾಲತೇಶ ಗುಡಗೇರಿ, ವಯಸ್ಸು ಇಪ್ಪತ್ತೇಳು. ನನ್ನ ಸಹಪಾಠಿ ಫಕೀರವ್ವ ಶಿಗ್ಲಿಯ ಎಂ.ಎಸ್ಸಿ. ಪದವಿಯನ್ನು ನಿನ್ನೆ ನಾನೇ ರದ್ದು ಮಾಡಿಸಿದೆ. ಆಕೆ ತೀರಿಕೊಂಡು ಒಂದು ವರ್ಷವಾಗಿದೆ. ಹಾಗೇಕೆ ಮಾಡಿದೆ ಎಂಬುದನ್ನು ಯಾರಿಗಾದರೂ ಹೇಳಬೇಕು. ನಿಮಗೇ ಹೇಳುವುದಕ್ಕೂ ಒಂದು ಕಾರಣವಿದೆ.

ನಮ್ಮ ಕಾಲದಲ್ಲಿ ಪ್ರಮೇಯಗಳನ್ನು ಸಾಧಿಸುವುದು ಮನುಷ್ಯರಲ್ಲ, ತಾಳೆಯಂತ್ರ. ಕೇಳಿದ್ದು ಸರಿಯೋ ತಪ್ಪೋ ಎಂದು ಅದು ಹೇಳುತ್ತದೆ, ಜೊತೆಗೆ ಲಕ್ಷಾಂತರ ಸಾಲುಗಳ ಸಾಧನೆಯನ್ನೂ ಕೊಡುತ್ತದೆ. ಆ ಸಾಲುಗಳನ್ನು ಓದಿ ಮುಗಿಸಲು ಒಂದು ಆಯುಷ್ಯ ಸಾಲದು. ನನ್ನ ಮುತ್ತಜ್ಜಿಯ ಕಾಲದಲ್ಲಿ ಒಂದು ಅಣೆಕಟ್ಟಿನ ಬಾಗಿಲುಗಳು ಮೂರು ದಿನ ತೆರೆಯಲಿಲ್ಲ. ಯಂತ್ರದ ಲೆಕ್ಕ ಸರಿಯಾಗಿಯೇ ಇತ್ತು. ಅದು ಯಾವ ಸಂದರ್ಭಕ್ಕೆ ಅನ್ವಯಿಸುತ್ತದೆ, ಯಾವುದಕ್ಕೆ ಇಲ್ಲ ಎಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಆಮೇಲೆ ತಿಳಿವಿನ ಕಾಯ್ದೆ ಬಂತು. ಆ ಕಾಯ್ದೆಯ ಪ್ರಕಾರ, ಒಂದು ಪ್ರಮೇಯ ಏಕೆ ನಿಜ ಎಂಬುದನ್ನು ಇನ್ನೊಬ್ಬ ಮನುಷ್ಯನಿಗೆ ತಿಳಿಯುವಂತೆ ಹೇಳಿಕೊಟ್ಟವರಿಗೆ ಮಾತ್ರ ಗಣಿತದ ಎಂ.ಎಸ್ಸಿ. ಸಿಗುತ್ತದೆ. ಹೇಳುವವರು ಹೇಳುಗರು, ಕೇಳುವವರು ಕೇಳುಗರು. ಪ್ರತಿ ಹಂತ ಮುಗಿದಾಗಲೂ ಕೇಳುಗ ‘ತಿಳಿಯಿತು’ ಎಂದು ಬಾಯಿಬಿಟ್ಟು ಹೇಳಬೇಕು. ಅವನ ಹೆಸರು ತಿಳಿದವರ ಪಟ್ಟಿಗೆ ಸೇರುತ್ತದೆ. ಮುಂದೆ ಆ ಪ್ರಮೇಯವನ್ನು ಕಲಿಯಬಯಸುವವರೆಲ್ಲ ಅವನನ್ನು ಹುಡುಕಿಕೊಂಡು ಬರುತ್ತಾರೆ. ಒಂದು ಹಂತ ತಿಳಿಯದಿದ್ದರೆ ಕೇಳುಗನೇ ಪ್ರಶ್ನೆ ಎತ್ತಬೇಕು. ಹೇಳುಗರು ತಾವಾಗಿ ಎರಡನೆಯ ಸಲ ವಿವರಿಸುವಂತಿಲ್ಲ. ಒತ್ತಾಯಕ್ಕೆ ಮಣಿದು ಯಾರೂ ತಿಳಿಯಿತು ಅನ್ನಬಾರದು ಎಂಬ ಎಚ್ಚರಿಕೆಯಿಂದ ಮಾಡಿದ ನಿಯಮವದು.

ನಾವು ಏಳು ಜನ ವಿದ್ಯಾರ್ಥಿಗಳಿದ್ದೆವು. ಬೆಳಿಗ್ಗೆ ನಾಲ್ಕೂವರೆಗೆ ತರಗತಿ, ಒಂಬತ್ತಕ್ಕೆ ಮುಕ್ತಾಯ. ಅಲ್ಲಿಂದ ಸಂಜೆ ಐದರವರೆಗೆ ನೆರಳುಹೊತ್ತು. ಬಿಸಿಲಿಗೆ ಹೊರಗೆ ಕಾಲಿಡುವುದು ನಿಷಿದ್ಧ. ಆ ಹೊತ್ತಿನಲ್ಲಿ ಮೆಸ್ಸಿನ ನೆಲಮಾಳಿಗೆಯಲ್ಲಿ ಕುಳಿತು ರೊಟ್ಟಿ, ಪಾಪಾಸುಕಳ್ಳಿಯ ಪಲ್ಯ ತಿನ್ನುತ್ತ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಲೆಕ್ಕ ಮಾಡುತ್ತಿದ್ದೆವು. ಒಬ್ಬರಿಗೆ ತಿಂಗಳಿಗೆ ಹನ್ನೆರಡೇ ಹಾಳೆ ಸಿಗುತ್ತಿದ್ದುದರಿಂದ ಗೋಡೆಯೇ ನಮಗೆ ಪುಸ್ತಕ. ಫಕೀರವ್ವನ ಅಕ್ಷರ ದೊಡ್ಡದು. ಆಕೆ ಬರೆಯಲು ನಿಂತರೆ ಉಳಿದವರಿಗೆ ಗೋಡೆ ಸಾಲುತ್ತಿರಲಿಲ್ಲ. ಅದಕ್ಕಾಗಿ ದಿನವೂ ಜಗಳ. ಯಾರು ಏನು ಹೇಳಿದರೂ ತಲೆಯಾಡಿಸುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಇದೆ. ಎದುರಿನವರಿಗೆ ಬೇಸರವಾಗಬಾರದು ಎಂದು ಮನೆಯಲ್ಲಿ ಕಲಿಸಿದ್ದರು. ಆಕೆಗೆ ಅದು ಗೊತ್ತಿತ್ತು.

“ಕೌಲೆತ್ತಿನಂಗ ಗೋಣು ಹಾಕಬ್ಯಾಡೋ ಮಾಲತೇಶ,” ಎಂದು ಒಂದು ದಿನ ಎಲ್ಲರೆದುರು ಹೇಳಿದಳು. “ತಿಳೀಲಿಲ್ಲ ಅಂದ್ರ ಬಾಯಿಬಿಟ್ಟು ಕೇಳು. ನಾ ಏನ್ ನಿನ್ನ ತಿಂತೀನೇನು?”

ಏನು ಕೇಳಿದರೂ ತಲೆಯಾಡಿಸುವ ಆ ಎತ್ತುಗಳನ್ನು ನಾವು ಚಿತ್ರದಲ್ಲಿ ಮಾತ್ರ ಕಂಡವರು. ಆದರೂ ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಕೆ ಆರಿಸಿಕೊಂಡದ್ದು ನೆಲಹಾಸಿನ ಒಂದು ಪ್ರಮೇಯ. ಒಂದು ಬಗೆಯ ಕಲ್ಲುಗಳನ್ನು ಸಂದಿಲ್ಲದಂತೆ ಹಾಸುತ್ತ ಎಷ್ಟು ದೂರ ಹೋದರೂ ವಿನ್ಯಾಸ ಮರುಕಳಿಸುವುದೇ ಇಲ್ಲ ಎಂಬುದು ಅದರ ಸಾರ. ಯಂತ್ರ ಇದನ್ನು ಎಂಬತ್ತು ವರ್ಷಗಳ ಹಿಂದೆಯೇ ಹನ್ನೊಂದು ಲಕ್ಷ ಸಾಲುಗಳಲ್ಲಿ ಸಾಧಿಸಿತ್ತು. ಏಕೆ ಹಾಗೆ ಎಂದು ಬಲ್ಲವರು ಯಾರೂ ಇರಲಿಲ್ಲ. ಫಕೀರವ್ವ ನಾಲ್ಕು ವರ್ಷ ದುಡಿದು ಮೂವತ್ತೆಂಟು ಪುಟಗಳಲ್ಲಿ, ಹದಿನಾಲ್ಕು ಹಂತಗಳಲ್ಲಿ ಕಾರಣವನ್ನು ಬರೆದಳು. ಕೇಳುಗನಾಗಿ ನನ್ನ ಹೆಸರನ್ನು ಕೊಟ್ಟಳು.

ಆಕೆಯ ಹೃದಯದ ಕವಾಟವೊಂದು ಹುಟ್ಟಿನಿಂದಲೇ ಸರಿಯಿರಲಿಲ್ಲ. ಹಲಗೆಯ ಮುಂದೆ ನಿಂತು ನನಗೆ ಪ್ರಮೇಯ ಹೇಳಿಕೊಡಬೇಕಾದ ದಿನ ಆ ಕಾಯಿಲೆ ಹೆಚ್ಚಾಗಿತ್ತು. ಎಂಟು ಹಂತ ಚೆನ್ನಾಗಿ ಹೇಳಿದಳು. ನಾನು ಐದು ಪ್ರಶ್ನೆ ಕೇಳಿದೆ, ಐದಕ್ಕೂ ಉತ್ತರ ಕೊಟ್ಟಳು. ಒಂಬತ್ತನೆಯ ಹಂತದಲ್ಲಿ ಇಡೀ ನೆಲಹಾಸನ್ನು ಒಂದು ರೇಖೆಯ ಗುಂಟ ಮಡಚಿದಂತೆ ಊಹಿಸಿಕೊಳ್ಳಿ ಎಂದಳು. ಅಲ್ಲಿಂದ ಒಂದೇ ಜಿಗಿತಕ್ಕೆ ಮುಂದಿನ ಸಾಲಿಗೆ ಹೋದಳು. ನನಗೆ ತಿಳಿಯಲಿಲ್ಲ. ಆಕೆಯ ತುಟಿ ನೀಲಿಗಟ್ಟಿತ್ತು, ಹಲಗೆಯ ಅಂಚು ಹಿಡಿದು ಉಸಿರೆಳೆದುಕೊಳ್ಳುತ್ತಿದ್ದಳು. ನಾನು ಪ್ರಶ್ನೆ ಕೇಳಿದರೆ ಆಕೆ ಇನ್ನೂ ಅರ್ಧ ಗಂಟೆ ನಿಲ್ಲಬೇಕಾಗುತ್ತಿತ್ತು. ‘ತಿಳಿಯಿತು’ ಎಂದೆ. ಆಕೆ ತಿರುಗಿ ನನ್ನನ್ನು ನೋಡಿದಳು. ತುಸು ಹೊತ್ತು ಹಾಗೆಯೇ ನಿಂತಿದ್ದು ಹತ್ತನೆಯ ಹಂತ ಶುರು ಮಾಡಿದಳು. ಆ ವಾರವೇ ಪದವಿ ಸಿಕ್ಕಿತು. ನಲವತ್ತೊಂದು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಷ್ಟರಲ್ಲಿ ನಾನು ಎರಡು ಸಲ ನೋಡಿಬಂದಿದ್ದೆ. ಆಯಾಸವಾದೀತೆಂದು ಎರಡು ಸಲವೂ ಗಣಿತದ ಮಾತು ತೆಗೆಯಲಿಲ್ಲ.

ನಾಲ್ಕು ತಿಂಗಳ ನಂತರ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಪಟ್ಟಿಯಲ್ಲಿ ನನ್ನ ಹೆಸರು ನೋಡಿ ಒಂಬತ್ತನೆಯ ಹಂತ ಹೇಳಿಕೊಡಿ ಎಂದು ಬಂದಳು. ಫಕೀರವ್ವನ ಹಾಳೆ ತೆಗೆದು ನೋಡಿದೆ. ಮಡಚುವ ಮಾತಿನ ಕೆಳಗೆ ‘ಇದರಿಂದ ಮುಂದಿನದು ಸ್ಪಷ್ಟ’ ಎಂದಷ್ಟೇ ಇತ್ತು. ಎಂಟು ತಿಂಗಳು ಹೆಣಗಿದೆ. ನಮ್ಮ ಪ್ರಾಧ್ಯಾಪಕಿ ಇನಾಮದಾರ ಮೇಡಂ ಕೂಡ ಹೆಣಗಿದರು. ಯಂತ್ರವನ್ನು ಕೇಳಿದರೆ ಆ ಹಂತ ಸರಿ ಎಂದಿತು, ನಾಲ್ಕು ಸಾವಿರ ಸಾಲು ಕೊಟ್ಟಿತು. ಅಂದರೆ ಫಕೀರವ್ವ ಹೇಳಿದ್ದು ನಿಜ. ಏಕೆ ನಿಜ ಎಂಬುದು ಆಕೆಯೊಬ್ಬಳಿಗೇ ಗೊತ್ತಿತ್ತು. ನಾನು ತಪ್ಪೊಪ್ಪಿಕೊಂಡಾಗ ಮೇಡಂ ಬೈಯಲಿಲ್ಲ. ತಿಳಿಯಿತು ಅಂದದ್ದನ್ನು ಹಿಂಪಡೆದರೆ ಪದವಿ ಉಳಿಯುವುದಿಲ್ಲ, ಹಿಂಪಡೆಯದಿದ್ದರೆ ಪಟ್ಟಿಯನ್ನು ನಂಬುವಂತಿಲ್ಲ, ಎರಡರಲ್ಲಿ ಯಾವುದು ಎಂಬುದನ್ನು ನೀನೇ ತೀರ್ಮಾನಿಸು ಎಂದರು.

ಮೊದಲು ಫಕೀರವ್ವನ ತಾಯಿಗೆ ಹೇಳಬೇಕು ಅನ್ನಿಸಿತು. ದ್ಯಾಮವ್ವ ನೆರಳುಪೇಟೆಯಲ್ಲಿ ನೀರಿನ ಮಡಕೆ ಮಾರುತ್ತಾರೆ. ಪದವಿಯ ಕಾಗದಕ್ಕೆ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ್ದರು. ಅದರ ಎದುರಿಗೇ ಕುಳಿತು ಎಲ್ಲವನ್ನೂ ಹೇಳಿದೆ. ಅಳುತ್ತಾರೆ, ಇಲ್ಲವೇ ಎದ್ದುಹೋಗು ಅನ್ನುತ್ತಾರೆ ಎಂದುಕೊಂಡಿದ್ದೆ.

“ಆಕಿಗೆ ಅವತ್ತ ಗೊತ್ತಿತ್ತಪ್ಪಾ,” ಎಂದರು. “ಮನಿಗೆ ಬಂದಾಕಿನ ಹೇಳಿದ್ಲು, ಮಾಲತೇಶಗ ಒಂಬತ್ತನೇದು ತಿಳಿದಿಲ್ಲವ್ವ, ಇವತ್ತಲ್ಲ ನಾಳೆ ಕೇಳಾಕ ಬರ್ತಾನ ಅಂತ. ದವಾಖಾನ್ಯಾಗ ನೀ ಬಂದಾಗೆಲ್ಲ ನನ್ನ ಹೊರಗ ಕಳಿಸ್ತಿದ್ಲು, ನಿಮ್ಮ ಲೆಕ್ಕದ ಮಾತು ಇರ್ತಾವಂತ.”

ಆಮೇಲೆ ಅವರೇ ಕೇಳಿದರು, “ಏನ್ ಮಾತಾಡಿದ್ರಿ?”

ಮೆಸ್ಸಿನ ಊಟದ ಬಗ್ಗೆ ಎಂದೆ. ನಿಜವೂ ಅದೇ. ದ್ಯಾಮವ್ವ ಎದ್ದು ಕಾಗದವನ್ನು ಗೋಡೆಯಿಂದ ಇಳಿಸಿ, ಸೆರಗಿನಿಂದ ಗಾಜು ಒರೆಸಿ, ನನ್ನ ಕೈಗೆ ಕೊಟ್ಟರು. ನಿನ್ನೆ ಅದನ್ನು ಕಚೇರಿಗೆ ಒಪ್ಪಿಸಿದೆ.

ನಿಮಗೇ ಬರೆಯಲು ಕಾರಣ ಹೇಳುತ್ತೇನೆ. ನಮ್ಮ ಗ್ರಂಥಾಲಯದಲ್ಲಿ ನಿಮ್ಮ ಕಾಲದ ಎಂ.ಎಸ್ಸಿ. ವಿದ್ಯಾರ್ಥಿಗಳ ನೋಟ್‌ಬುಕ್ಕುಗಳಿವೆ. ಹಲಗೆಯ ಮೇಲಿದ್ದುದನ್ನು ನೀಟಾಗಿ ಇಳಿಸಿಕೊಂಡಿದ್ದೀರಿ. ಒಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ‘ತಿಳಿದಿಲ್ಲ, ಪರೀಕ್ಷೆಗೆ ಬಾಯಿಪಾಠ’ ಎಂದು ಬರೆದಿದ್ದಾರೆ. ಅದನ್ನು ಬರೆದವರು ತರಗತಿಯಲ್ಲಿ ನನ್ನ ಹಾಗೆಯೇ ತಲೆಯಾಡಿಸಿರುತ್ತಾರೆ. ಮೇಷ್ಟರಿಗೆ ಬೇಸರವಾದೀತು, ಗೆಳೆಯರು ನಕ್ಕಾರು, ಹೊತ್ತಾಯಿತು. ಕಾರಣಗಳು ನನಗೂ ಗೊತ್ತು. ನನ್ನದು ಕನಿಕರ ಎಂದು ನಾನು ತಿಳಿದಿದ್ದೆ. ಆದರೆ ನಾಲ್ಕು ವರ್ಷ ದುಡಿದು ಕಂಡುಕೊಂಡದ್ದನ್ನು ಒಬ್ಬರಿಗಾದರೂ ದಾಟಿಸಬೇಕೆಂದು ನಿಂತವಳಿಗೆ ಬೇಕಾದದ್ದು ದಣಿವಾರಿಸಿಕೊಳ್ಳಲು ಕುರ್ಚಿಯಲ್ಲ, ಪ್ರಶ್ನೆ.

ಇಷ್ಟೇ ನನ್ನ ಕೋರಿಕೆ. ನಾಳೆ ನಿಮ್ಮ ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತಿರುವವರು ಒಂದು ಸಾಲು ಮುಗಿಸಿ, ತಿರುಗಿ ನಿಮ್ಮ ಮುಖ ನೋಡಿ, ತುಸು ತಡೆದರೆ, ಅವರು ಕಾಯುತ್ತಿರಬಹುದು. ಕೇಳಿಬಿಡಿ.

ಇಂತಿ,
ಮಾಲತೇಶ ಗುಡಗೇರಿ