ಮೂರನೇ ಸಾಲಿನ ಹನ್ನೆರಡನೆಯವಳು

ಸಾವುಸಾವು ಬಂದರು ಪಟ್ಟಣ. ಮಂಗಳವಾರ, ಮೇ 14.

ಗಂಟೆಗೆ ಒಂಬೈನೂರು ಡಬ್ಬಿ. ಈ ಸಂಖ್ಯೆ ತಲೆಯಿಂದ ಇಳಿಯುತ್ತಿಲ್ಲ.

ನಮ್ಮ ಮೀನಿನ ಕಾರ್ಖಾನೆಯ ಹೊಸ ಕಂಪ್ಯೂಟರಿಗೆ ಪ್ರತಿ ಸಾಲಿನ ವೇಗವನ್ನೂ ಆಳುಗಳ ಲೆಕ್ಕವನ್ನೂ ತುಂಬಿದವನು ನಾನೇ. ಮೂರನೇ ಸಾಲಿಗೆ ಹನ್ನೆರಡು ಹೆಂಗಸರು ಎಂದು ಬರೆದೆ; ಆ ಪಟ್ಟಿಯನ್ನು ದಿನಾ ಬೆಳಗ್ಗೆ ಅಚ್ಚು ತೆಗೆದು ಗೋಡೆಗೆ ಅಂಟಿಸುತ್ತೇನೆ. ಆ ಒಂಬೈನೂರರ ವೇಗವನ್ನು ಜನವರಿಯ ಅಳತೆಯ ಹಾಳೆಯಿಂದ ಎತ್ತಿಕೊಂಡೆ. ಆಗ ಆ ಹನ್ನೆರಡರಲ್ಲೊಬ್ಬಳಾದ ತರೈವಿನಿ ಬದುಕಿದ್ದಳು. ಇಬ್ಬರ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದಳು. ಅವಳು ಸತ್ತ ಮೇಲೆ, ನೂರು ರಾತ್ರಿಯ ಸೂತಕ ಕಳೆಯುವ ತನಕ ಅವಳ ಜಾಗದಲ್ಲಿ ಯಾರೂ ನಿಲ್ಲಕೂಡದೆಂದು ಹೆಂಗಸರು ಕಟ್ಟು ಹಾಕಿಕೊಂಡರು. ಅದು ನನಗೆ ಗೊತ್ತಿತ್ತು. ಆದರೂ ಸಂಖ್ಯೆ ತಿದ್ದಲು ಮರೆತೆ.

ಇಂದು ನೋಡಿದರೆ, ಅವಳು ಹೋದಾಗಿನಿಂದ ಒಂದು ದಿನವೂ ಡಬ್ಬಿ ಕಡಿಮೆಯಾಗಿಲ್ಲ. ಕೆಳಗಿಳಿದು ಹೋಗಿ ಸಾಲಿನ ಹಿರಿಯಳಾದ ಅಕನಿಸಿಯನ್ನು ಕೇಳಿದೆ.

"ಹನ್ನೊಂದೇ ಜನ ಹೆಂಗಮ್ಮಾ ಮುಗಿಸ್ತೀರಿ?"

"ಯಾರಪ್ಪ ಹನ್ನೊಂದು ಅಂದಿದ್ದು? ಹನ್ನೆರಡು ಅಂತ ನೀನೇ ಬರ್ದು ಗೋಡೆಗೆ ಅಂಟ್ಸಿದೀಯಲ್ಲ. ನೀನೊಬ್ನಾದ್ರೂ ಅವ್ಳನ್ನ ಬಿಟ್ಟಿಲ್ಲ ಅನ್ಕೊಂಡ್ವಿ. ಅವ್ಳ ಪಾಲು ನಿಂತ್ಹೋದ್ರೆ ನಮ್ಗೆ ಮರ್ಯಾದೆನಾ?"

ಅವಳು ನಕ್ಕಳು. ಊಟದ ಗಂಟೆ ಹೊಡೆಯಿತು. ಯಾರೂ ಕೈ ನಿಲ್ಲಿಸಲಿಲ್ಲ. ಮರಗೆಣಸಿನ ಬುತ್ತಿಗಳು ಬಿಚ್ಚದೆ ಹಾಗೇ ಇದ್ದವು. ಅಕನಿಸಿಯ ಬೆರಳಿಗೆ ಸುತ್ತಿದ್ದ ಬಟ್ಟೆ ಕೆಂಪಾಗಿತ್ತು.

ಸಂಜೆ ಹನ್ನೊಂದು ಎಂದು ತಿದ್ದಿ ವೇಗ ಇಳಿಸಲು ಕುಳಿತೆ. "ಒಬ್ಬರನ್ನು ತೆಗೆದುಹಾಕಬೇಕೇ?" ಎಂದು ಪರದೆ ಕೇಳಿತು. ಹೌದು ಎಂದು ಒತ್ತಲಾರದೆ ಎದ್ದು ಬಂದೆ. ಬೆಳಗಾದರೆ ಗೋಡೆಯ ಮೇಲೆ ಮತ್ತೆ ಹನ್ನೆರಡು, ಮತ್ತೆ ಆ ಬೆರಳುಗಳು.