ಸುಲಭವಾಗಿ ಕಾಣುತ್ತದೆ

ಸೆಟಾಕೆಟ್, ಲಾಂಗ್ ಐಲೆಂಡ್
ಸೋಮವಾರ, ೧೪ ಅಕ್ಟೋಬರ್ ೨೦೧೩

ಪ್ರೀತಿಯ ಪರ್ಲ್,

ನಿನ್ನ ಮನೆ ನನ್ನ ಮನೆಯಿಂದ ಎರಡೇ ಮೈಲಿ. ಫೋನೂ ಇದೆ. ಆದರೂ ಕಾಗದ ಬರೆಯುತ್ತಿದ್ದೇನೆ, ಏಕೆಂದರೆ ಎದುರಿಗೆ ಕೂತರೆ ನೀನು ಚಹಾ ಕೊಡುತ್ತೀಯ, ರೈ ಬ್ರೆಡ್ಡಿನ ಮೇಲೆ ಮೀನು ಹರಡಿ ಕೊಡುತ್ತೀಯ, ನಾನು ತಿಂದು ಬಾಯಿ ಒರೆಸಿಕೊಂಡು ಏನೂ ಹೇಳದೆ ಎದ್ದು ಬರುತ್ತೇನೆ. ಹೋದ ಗುರುವಾರ ಹಾಗೇ ಆಯಿತು. ನಾನು ಬಂದದ್ದು ನಿನ್ನ ಗಂಡ, ನಮ್ಮ ಹೆಷಿ, ಬಿಟ್ಟುಹೋದ ಏಳನೆಯ ನೋಟುಬುಕ್ಕು ಕೇಳಲು. ಆಡಿದ್ದು ನಿನ್ನ ಮೊಣಕಾಲು ನೋವಿನ ಮಾತು.

ಅದನ್ನು ನನಗೆ ಕೊಡು ಪರ್ಲ್. ಗುರುವಾರದೊಳಗೆ ಕೊಡು. ಶುಕ್ರವಾರ ಬೆಳಿಗ್ಗೆ ತಡವಾಗಿರುತ್ತದೆ.

ಯಾಕೆಂದು ಹೇಳುತ್ತೇನೆ. ವಿಶ್ವವಿದ್ಯಾಲಯದ ಗ್ರಂಥಾಲಯದವರು ಹೋದ ಮಂಗಳವಾರ, ನೀನು ಅವರಿಗೆ ಕೊಟ್ಟ ಅವನ ಆರು ನೋಟುಬುಕ್ಕುಗಳ ನಕಲು ಕಳಿಸಿದ್ದರು. ಯಾವ ಪುಟ ಯಾವ ವರ್ಷದ್ದೆಂದು ಗುರುತು ಹಾಕಿಕೊಡಬೇಕಂತೆ, ಆ ಕೋಳಿ ಕೆದಕಿದಂಥ ಕೈಬರಹ ಓದಬಲ್ಲವನು ನಾನೊಬ್ಬನೇ ಅಂತೆ. ನಾನು ಹಿಗ್ಗಿನಿಂದ ಒಪ್ಪಿಕೊಂಡೆ. ಷೇರುಪೇಟೆಯ ಗುಟ್ಟುಗಳಿರುತ್ತವೆ ಎಂದುಕೊಂಡಿದ್ದೆ. ಒಂದೂ ಇಲ್ಲ. ಆರು ಪುಸ್ತಕಗಳ ತುಂಬ ಇರುವುದು ನನಗೆ ಹೆಸರು ತಂದ ಗಣಿತದ ಪ್ರಮೇಯ. ಪ್ರಮೇಯವೂ ಪೂರ್ತಿಯಲ್ಲ, ಅದರ ನಾಲ್ಕನೆಯ ಹಂತ. ಅವನು ಅದನ್ನು ಹನ್ನೆರಡು ವರ್ಷ ತಿರುವಿ ಮುರುವಿ ನೋಡಿದ್ದಾನೆ. ಹೊರಗೆ ಜಗತ್ತು ಅವನನ್ನು ಕುಬೇರ ಅನ್ನುತ್ತಿದ್ದಾಗ, ಅವನು ಒಳಗೆ ಕೂತು ನನ್ನ ಪ್ರಬಂಧದ ಒಂದು ಸಾಲಿಗೆ ತೇಪೆ ಹಾಕಲು ಒದ್ದಾಡುತ್ತಿದ್ದ.

ನೀನು ಸಂಗೀತ ಕಲಿಸುವವಳು, ನಿನಗೆ ಅವನ ಅಪ್ಪನ ಬಟ್ಟೆ ಅಂಗಡಿಯ ಭಾಷೆಯಲ್ಲೇ ಹೇಳುತ್ತೇನೆ. ಒಂದು ಬಟ್ಟೆಯ ಚಿಕ್ಕ ಚಿಕ್ಕ ತುಂಡುಗಳಲ್ಲಿ ಸುಕ್ಕಿಲ್ಲ ಎಂದು ನಾನು ತೋರಿಸಿದೆ. ಹಾಗಾದರೆ ಅವನ್ನು ಹೊಲಿದು ಸೇರಿಸಿದ ಇಡೀ ಬಟ್ಟೆಯಲ್ಲೂ ಸುಕ್ಕಿರುವುದಿಲ್ಲ ಅಂದೆ. ಅದೇ ನಾಲ್ಕನೆಯ ಹಂತ. ಅದನ್ನು ಸಾಧಿಸಿ ತೋರಿಸಲಿಲ್ಲ. 'ಸುಲಭವಾಗಿ ಕಾಣುತ್ತದೆ' ಎಂದು ಬರೆದು ಮುಂದೆ ಹೋದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಹೀಗೆ ಬರೆಯುತ್ತಾರೆ. ಓದುವವನಿಗೆ ಕಾಣದಿದ್ದರೆ ಅವನು ತನ್ನ ಕಣ್ಣನ್ನೇ ಅನುಮಾನಿಸುತ್ತಾನೆ ಹೊರತು ಬರೆದವನನ್ನಲ್ಲ.

ಎಪ್ಪತ್ತನಾಲ್ಕನೇ ಇಸವಿಯ ವಸಂತದಲ್ಲಿ ಮಂಗಳವಾರದ ಗೋಷ್ಠಿಯಲ್ಲಿ ಅದನ್ನು ಮಂಡಿಸಿದೆ. ನಮ್ಮ ಗೋಷ್ಠಿಯ ರೀತಿ ನಿನಗೆ ಗೊತ್ತು: ಯಾರು ಬೇಕಾದರೂ ಎಲ್ಲಿ ಬೇಕಾದರೂ ತಡೆದು ಯಾಕೆ ಎಂದು ಕೇಳಬಹುದು, ಹೇಳುವವನು ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಹೆಷಿ ಹಿಂದಿನ ಸಾಲಿನಲ್ಲಿ ಸೂರ್ಯಕಾಂತಿ ಬೀಜ ಜಗಿಯುತ್ತಾ, ಸಿಪ್ಪೆಯನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾ ಕೂತಿದ್ದ. ನಾಲ್ಕನೆಯ ಹಂತದಲ್ಲಿ ಕೈಯೆತ್ತಿ, ಅದು ಯಾಕೆ ಎಂದ. ಸ್ಪಷ್ಟವಾಗಿಯೇ ಇದೆಯಲ್ಲ ಅಂದೆ. ತನಗೆ ಸ್ಪಷ್ಟವಿಲ್ಲ ಎಂದ. ಎರಡು ಸಲ, ಮೂರು ಸಲ. ಪ್ರಿನ್ಸ್‌ಟನ್ನಿನ ದೊಡ್ಡವರು ಮುಂದಿನ ಸಾಲಿನಲ್ಲಿದ್ದರು. ನನಗೆ ತಲೆ ಕೆಟ್ಟಿತು.

"ಹೆಷಿ, ಇದು ಮೊದಲನೇ ವರ್ಷದ ಮಕ್ಕಳಿಗೂ ಕಾಣುತ್ತೆ. ನಿಂಗೆ ಕಾಣ್ತಿಲ್ಲ ಅಂದ್ರೆ ಇಲ್ಯಾಕೆ ಕೂತಿದ್ದೀಯ? ನಿಮ್ಮಪ್ಪನ ಅಂಗಡೀಲಿ ಬಟ್ಟೆ ಅಳೆಯೋಕೆ ಹೋಗು."

ಎಲ್ಲರೂ ನಕ್ಕರು. ಅವನೂ ನಕ್ಕ. ಚಹಾದ ಹೊತ್ತಿಗೆ ಬಂದು ನನ್ನ ಬೆನ್ನು ತಟ್ಟಿ, ಒಳ್ಳೆಯ ಕೆಲಸ ಮಾಡಿದ್ದೀಯ ಎಂದ. ಎರಡು ವರ್ಷದ ಮೇಲೆ ವಿಶ್ವವಿದ್ಯಾಲಯದ ಕೆಲಸ ಬಿಟ್ಟು, ದಂತವೈದ್ಯರ ಅಟ್ಟದ ಮೇಲೆ ಎರಡು ಕೋಣೆ ಹಿಡಿದು ಹಣ ಹೂಡುವ ಕಂಪನಿ ತೆರೆದ. ಅವನ ಧೈರ್ಯವನ್ನು ಎಷ್ಟು ಜನ ಹೊಗಳಿ ಬರೆದರು! ನಾನೂ ಅವನ ಎಪ್ಪತ್ತರ ಹುಟ್ಟುಹಬ್ಬದಲ್ಲಿ ಅದೇ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಅವನ ಕಂಪನಿಯಲ್ಲಿ ಯಾರೂ 'ಸ್ಪಷ್ಟ' ಎಂಬ ಮಾತು ಆಡಕೂಡದೆಂಬ ಕಟ್ಟಳೆಯಿತ್ತಲ್ಲ, ಅದನ್ನೂ ತಮಾಷೆಗೆ ಸೇರಿಸಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನೂ ನನಗಿಂತ ವಾಸಿ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ.

ನನ್ನ ಮೇಲೆ ಆಣೆ, ಆ ದಿನ ನನಗೆ ಅದು ಸ್ಪಷ್ಟವಾಗಿಯೇ ಕಂಡಿತ್ತು. ಹೋದ ಮಂಗಳವಾರದ ತನಕ ಸಂಶಯವೇ ಇರಲಿಲ್ಲ. ಈಗ ನೋಡಿದರೆ ಅಲ್ಲಿ ಬಾವಿಯಷ್ಟು ದೊಡ್ಡ ತೂತು.

ಅವನು ಕಿವುಡು ಮಕ್ಕಳ ಆಸ್ಪತ್ರೆ ಕಟ್ಟಿಸಿದ, ಊರೂರಿನ ಗಣಿತದ ಮೇಷ್ಟ್ರುಗಳಿಗೆ ಸಂಬಳದ ಜತೆ ವರ್ಷದ ವಿಶ್ರಾಂತಿ ಕೊಡಿಸಿದ. ನನಗೂ ಕೊಟ್ಟ. ನಾನು ಇಪ್ಪತ್ತೆರಡು ವರ್ಷ ಕೂತ ಪ್ರಾಧ್ಯಾಪಕ ಪೀಠ ಅವನ ದುಡ್ಡಿನದು. ಇಟ್ಟ ಹೆಸರು ಮಾತ್ರ ನನ್ನದು. ನಾನು ಅದನ್ನು ಸ್ನೇಹ ಎಂದುಕೊಂಡು ಸುಖವಾಗಿ ಕೂತಿದ್ದೆ. ಈಗ ಕೂತಲ್ಲಿ ನಿಂತಲ್ಲಿ ಮೈ ಉರಿಯುತ್ತದೆ.

ಶುಕ್ರವಾರ ಅವನ ವರ್ಷದ ಸ್ಮರಣೆಗೆ ಉಪನ್ಯಾಸ ಕೊಡುವವಳು ತಮಾರ್, ನನ್ನ ಕೊನೆಯ ಶಿಷ್ಯೆ. ಅವಳು ಆರು ವರ್ಷದಿಂದ ಕಟ್ಟಿದ್ದೆಲ್ಲ ನನ್ನ ಪ್ರಮೇಯದ ಮೇಲೆ. ಡಿಸೆಂಬರಿನಲ್ಲಿ ಅವಳ ಕೆಲಸ ಕಾಯಂ ಆಗಬೇಕು, ಗಂಡನಿಗೆ ಕೆಲಸವಿಲ್ಲ, ನಾಲ್ಕು ವರ್ಷದ ಮಗಳಿದ್ದಾಳೆ. ಹೋದ ಬುಧವಾರ, ಆ ಪುಟಗಳನ್ನು ನಾನು ಓದಿದ ಮರುದಿನವೇ, ಬಂದು ಕೇಳಿದಳು: ನಾಲ್ಕನೆಯ ಹಂತ ತನಗೆ ಬಿಡಿಸಿ ಹೇಳಬಹುದೇ ಎಂದು. ನನಗೆ ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಸರಿಯಾಗಿದೆ, ಮುಂದೆ ಹೋಗು ಅಂದೆ. ಥ್ಯಾಂಕ್ಸ್ ಹೇಳಿ ಹೋದಳು. ಅವಳು ನೂರು ಜನರ ಎದುರು ಆ ತೂತಿನ ಮೇಲೆ ಹೆಜ್ಜೆಯಿಡುತ್ತಾಳೆ, ಕೆಳಗೆ ಏನೂ ಇಲ್ಲವೆಂದು ಗೊತ್ತಿರುವವನು ನಾನೊಬ್ಬ.

ಆರನೆಯ ಪುಸ್ತಕದ ಕೊನೆಯ ಸಾಲಿನಲ್ಲಿ ಅವನು, ದಾರಿ ಸಿಕ್ಕಿತು, ಮುಂದಿನದರಲ್ಲಿ, ಎಂದು ಬರೆದಿದ್ದಾನೆ. ಅವನು ದಾರಿ ಸಿಕ್ಕಿತು ಅಂದರೆ ಸಿಕ್ಕಿತೆಂದೇ ಅರ್ಥ. ಏಳನೆಯದರಲ್ಲಿ ಅವನು ತೂತು ಮುಚ್ಚಿದ್ದರೆ, ಶುಕ್ರವಾರ ನಾನೇ ಎದ್ದು ನಿಂತು ಈ ಪ್ರಮೇಯ ಇನ್ನು ಮೇಲೆ ಹೆಷಿ ಟಾಬಾಕನದು ಎನ್ನುತ್ತೇನೆ. ತಮಾರ್ ಉಳಿಯುತ್ತಾಳೆ. ಮುಚ್ಚಿಲ್ಲದಿದ್ದರೆ... ಅದನ್ನು ಗ್ರಂಥಾಲಯಕ್ಕೆ ಕೊಡುವುದು ಬೇಡ ಪರ್ಲ್. ನನ್ನ ಹತ್ತಿರವೇ ಇರಲಿ. ನನಗೆ ಎಪ್ಪತ್ತೈದು ವರ್ಷ. ನಿನ್ನ ಕಾಲು ಹಿಡಿಯುತ್ತೇನೆ.

ಇಂತಿ,
ನಿನ್ನ ಮದುವೆಯಲ್ಲಿ ಚಪ್ಪರದ ಕಂಬ ಹಿಡಿದು ನಿಂತಿದ್ದ,
ಇರ್ವಿನ್ ಗೆಲ್ಬ್

ಮರೆತ ಮಾತು: ಕಾಗದ ಮಡಚಿ, ಮತ್ತೆ ಬಿಚ್ಚಿದೆ. ಮೇಲೆ ಆಣೆಯಿಟ್ಟು ಬರೆದದ್ದು ಸುಳ್ಳು. ಗೋಷ್ಠಿ ನಡೆದದ್ದು ಮಂಗಳವಾರ. ಹೆಷಿಯ ಪ್ರಶ್ನೆಗೆ ಉತ್ತರವಿಲ್ಲವೆಂದು ನನಗೆ ಅದೇ ವಾರದ ಗುರುವಾರ ಗೊತ್ತಾಯಿತು. ಪ್ರಬಂಧವನ್ನು ಅಚ್ಚಿಗೆಂದು ಅಂಚೆಗೆ ಹಾಕಿದ್ದು ಮರುದಿನ, ಶುಕ್ರವಾರ.

*

ಪೋರ್ಟ್ ಜೆಫರ್ಸನ್
ಬುಧವಾರ, ೧೬ ಅಕ್ಟೋಬರ್

ಇರ್ವಿನ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಅತ್ತೆ. ಎರಡನೆಯ ಸಲ ಹರಿದು ಹಾಕಬೇಕೆನ್ನಿಸಿತು.

ಏಳನೆಯ ಪುಸ್ತಕದಲ್ಲಿ ತೇಪೆಯಿಲ್ಲ. ಅದರಲ್ಲಿರುವುದು ಒಂದು ಉದಾಹರಣೆ. ತುಂಡು ತುಂಡಾಗಿ ನೋಡಿದರೆ ಎಲ್ಲಿಯೂ ಸುಕ್ಕಿಲ್ಲ, ಹೊಲಿದರೆ ಸುಕ್ಕು ಹೋಗುವುದೇ ಇಲ್ಲ, ಅಂಥದ್ದೊಂದು ಅವನಿಗೆ ಸಿಕ್ಕಿತ್ತು. ನಿನ್ನ ಪ್ರಮೇಯ ಸುಳ್ಳು. ಇದನ್ನು ಅವನು ನನಗೆ ಹೇಳಿದ್ದು ಎಂಬತ್ತೆಂಟರಲ್ಲಿ, ಬ್ರಿಡ್ಜ್‌ಪೋರ್ಟಿನಿಂದ ಬರುವ ದೋಣಿಯ ಮೇಲೆ. ಅವನು ಅಷ್ಟು ಸಂತೋಷದಿಂದ ಇದ್ದದ್ದನ್ನು ನಾನು ಹೆಚ್ಚು ಸಲ ಕಂಡಿಲ್ಲ. ಹದಿನಾಲ್ಕು ವರ್ಷ ತಾನು ದಡ್ಡನೆಂದು ನಂಬಿಕೊಂಡಿದ್ದ. ಕೋಟಿಗಟ್ಟಲೆ ಗಳಿಸಿದರೂ ಆ ನಂಬಿಕೆ ಹೋಗಿರಲಿಲ್ಲ. ಅಂದು ಹೋಯಿತು. ಅಚ್ಚು ಹಾಕಿಸು, ಎಲ್ಲರಿಗೂ ಹೇಳು ಅಂದೆ. ಅವನ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ:

"ಬೇಡ ಪರ್ಲ್. ನನ್ ಹತ್ರ ಬೇಕಾದಷ್ಟಿದೆ. ಇರ್ವ್ ಹತ್ರ ಇರೋದು ಅದೊಂದೇ."

ಅದನ್ನು ದೊಡ್ಡ ಗುಣ ಎಂದುಕೊಂಡು ನಾನು ಇಪ್ಪತ್ತೈದು ವರ್ಷ ಬದುಕಿದೆ. ಮೂರು ವರ್ಷದ ಮೇಲೆ ನಿನಗೆ ಪೀಠ ಕೊಟ್ಟಾಗ ಇನ್ನಷ್ಟು ದೊಡ್ಡದಾಗಿ ಕಂಡಿತು. ಈಗ ಹಾಗೆ ಕಾಣುತ್ತಿಲ್ಲ. ಅವನು ನಿನ್ನನ್ನು ಕ್ಷಮಿಸಲಿಲ್ಲ, ಇರ್ವಿನ್, ಕೊಂಡುಕೊಂಡ. ನೀನು ಮಾರಿಕೊಂಡೆ. ನಿಮ್ಮಿಬ್ಬರ ಸ್ನೇಹದ ಬೆಲೆ ತೆತ್ತವರು ಆ ಪ್ರಮೇಯವನ್ನು ನಂಬಿ ಕೆಲಸ ಮಾಡಿದ ನಿನ್ನ ಹನ್ನೊಂದು ಮಂದಿ ಶಿಷ್ಯರು. ಸಾಯುವ ಮುಂಚೆ ಅವನಿಗೂ ಇದು ಹೊಳೆದಿರಬೇಕು. ಕೊನೆಯ ವಾರ ಆ ಪುಸ್ತಕ ಯಾರಿಗೆ ಸೇರಬೇಕೆಂದು ನನಗೆ ಹೇಳಿದ. ನಿನ್ನ ಹೆಸರು ಹೇಳಲಿಲ್ಲ.

ನಿನ್ನ ಮೇಲೆ ನನಗೆ ತುಂಬ ಸಿಟ್ಟಿದೆ. ಹಾಗೆಂದು ಭಾನುವಾರ, ವರ್ಷದ ಕ್ರಮದಂತೆ, ಅವನ ಸಮಾಧಿಯ ಕಲ್ಲಿನ ಮೇಲಿನ ಬಟ್ಟೆ ಸರಿಸುವಾಗ ನೀನು ಬರಬಾರದು ಎನ್ನುವಷ್ಟಿಲ್ಲ. ಹತ್ತು ಗಂಟೆಗೆ. ಕೋಟು ಹಾಕಿಕೊಂಡು ಬಾ, ಅಲ್ಲಿ ಗಾಳಿ ಹೆಚ್ಚು.

ಪರ್ಲ್ ಟಾಬಾಕ್

ಇನ್ನೊಂದು: ಪುಸ್ತಕ ಏಪ್ರಿಲಿನಿಂದ ತಮಾರಳ ಬಳಿಯಿದೆ. ನಿನ್ನ ಪ್ರಮೇಯದ ಮೇಲೆ ಬರೆದ ಹಳೆಯ ಅಧ್ಯಾಯಗಳನ್ನು ಅವಳೇ ಕೈಬಿಟ್ಟು, ಕೆಲಸ ಕಾಯಂ ಮಾಡುವ ಸಮಿತಿಗೂ ತಿಳಿಸಿದ್ದಾಳೆ. ಡಿಸೆಂಬರಿನಲ್ಲಿ ಏನಾಗುತ್ತದೋ ಅವಳಿಗೂ ಗೊತ್ತಿಲ್ಲ. ಹೋದ ಬುಧವಾರ ನಿನ್ನ ಬಳಿ ಬಂದದ್ದು ಗೊತ್ತಿಲ್ಲದೆ ಕೇಳಲು ಅಲ್ಲ, ನೀನು ಹೇಳುತ್ತೀಯೇನೋ ಎಂದು. ಶುಕ್ರವಾರದ ಉಪನ್ಯಾಸದಲ್ಲಿ ಮೊದಲ ಅರ್ಧ ಗಂಟೆಯನ್ನು, ನೀನೇ ಎದ್ದು ನಿಜ ಹೇಳಲೆಂದು, ನಿನಗೆ ಬಿಟ್ಟಿದ್ದಾಳೆ. ನೀನು ಬರದಿದ್ದರೆ ಆ ಅರ್ಧ ಗಂಟೆ ತಾನೂ ಮಾತಾಡುವುದಿಲ್ಲ, ಎಲ್ಲರೂ ಸುಮ್ಮನೆ ಕೂತು ಕಾಯಲಿ ಎಂದಿದ್ದಾಳೆ.