ಗರಗಸ ಹಿಡಿದವರಿಗೆ ಕೋಳ, ಗರಗಸದ ಒಡೆಯರಿಗೆ ಹಾರ

ನಮ್ಮ ಭಾಗದ ಕಾಡು ಕಾಯುವ ಹೊಣೆ ಹೊತ್ತಿರುವ ಮಾನ್ಯ ಅರಣ್ಯಾಧಿಕಾರಿಗಳೇ,

ನಗರಗೆರೆಯ ಆಚೆಗಿನ ಗುಡ್ಡದಲ್ಲಿ ಹೊನ್ನೆ ಮರ ಕದಿಯುತ್ತಿದ್ದ ಕಳ್ಳನನ್ನು ಹಿಡಿದೆವೆಂದು ತಾವು ಪತ್ರಿಕೆಯವರಿಗೆ ಹೇಳಿದಿರಿ. ತಾವು ಹಿಡಿದದ್ದು ಆವುಲಪ್ಪನವರನ್ನು. ಅವರು ಆ ಮರಗಳನ್ನು ಕಡಿದವರಲ್ಲ, ಸಾಗಿಸಿದವರಲ್ಲ, ಮಾರಿದವರೂ ಅಲ್ಲ. ಕೂಲಿಗಾಗಿ ಗರಗಸದ ಮುಂದೆ ನಿಂತು ದಿಮ್ಮಿಗಳನ್ನು ಹಲಗೆ ಮಾಡಿದವರು. ಆ ಗರಗಸ ಯಾರದ್ದು ಎಂಬುದು ಆ ಗುಡ್ಡದ ಬುಡದಲ್ಲಿ ಕುರಿ ಮೇಯಿಸುವವರಿಗೆಲ್ಲ ಗೊತ್ತು. ತಮಗೊಬ್ಬರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಇರಬೇಕು, ಈ ಸಲದ ವನಮಹೋತ್ಸವದಲ್ಲಿ ತಾವು ಆ ಗರಗಸದ ಒಡೆಯರ ಪಕ್ಕದ ಕುರ್ಚಿಯಲ್ಲೇ ಕೂತು, ಒಂದೇ ಸಸಿಗೆ ಇಬ್ಬರೂ ಕೈ ಹಚ್ಚಿ, ಕ್ಯಾಮೆರಾ ಕಡೆ ನೋಡಿ ನಕ್ಕಿದ್ದು.

ನಾನು ಯಾರೆಂದು ತಮಗೆ ನೆನಪಿರಲಾರದು. ನನ್ನ ಹೆಸರು ಹಮೀದಾ ಬೇಗಂ. ಗೌರಿಬಿದನೂರಿನಿಂದ ನಗರಗೆರೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಸಾಮಿಲ್ ಇದೆ. ಇದೆ ಎನ್ನಬೇಕೋ ಇತ್ತು ಎನ್ನಬೇಕೋ ತಿಳಿಯದು, ಏಕೆಂದರೆ ಅದರ ಬಾಗಿಲಿಗೆ ತಮ್ಮ ಇಲಾಖೆಯ ಬೀಗವೂ ಬೀಗದ ಮೇಲೆ ಅರಗಿನ ಮುದ್ರೆಯೂ ಇವೆ. ಮಿಲ್ ಹಾಕಿದವರು ನನ್ನ ಯಜಮಾನರು ಸಾದಿಕ್ ಪಾಷಾ. ಅವರು ತೀರಿಕೊಂಡಾಗ ಮಾರಿಬಿಡು ಎಂದರು ನೆಂಟರು. ಹೆಂಗಸು ಮರದ ಧೂಳಿನಲ್ಲಿ ಕೂರುವುದು ಚೆನ್ನಾಗಿರುವುದಿಲ್ಲ ಎಂದರು. ಆಗ ಆವುಲಪ್ಪನವರು, ಮಿಲ್ ಶುರುವಾದಂದಿನಿಂದ ಗರಗಸ ನಡೆಸುತ್ತಿದ್ದ ನಮ್ಮ ಮಿಸ್ತ್ರಿ, ಇಷ್ಟೇ ಹೇಳಿದರು: "ಅಮ್ಮ, ನೀವು ಬಂದು ಕೂತ್ಕೊಳ್ಳಿ ಸಾಕು. ಮಿಷನ್ನು ನಾನು ನೋಡ್ಕೊಳ್ತೀನಿ." ಹೋಗಿ ಕೂತೆ. ರೈತರು ತಮ್ಮ ಹೊಲದ ಬದುವಿನ ಬೇವು, ಮಾವು, ನೀಲಗಿರಿ, ಸಿಲ್ವರ್ ಓಕ್ ಕಡಿದು ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ತರುತ್ತಿದ್ದರು. ನಾವು ಬಾಗಿಲ ಚೌಕಟ್ಟಿಗೂ ತೊಲೆಗೂ, ಶಿಡ್ಲಘಟ್ಟದ ಕಡೆಯ ಹುಳುಮನೆಗಳಲ್ಲಿ ರೇಷ್ಮೆ ತಟ್ಟೆ ಜೋಡಿಸುವ ಸ್ಟ್ಯಾಂಡುಗಳಿಗೂ ಕೊಯ್ದು ಕೊಡುತ್ತಿದ್ದೆವು. ಗುಡ್ಡದ ಮರ ನಮ್ಮ ಮಿಲ್ಲಿನ ಹೊಸ್ತಿಲು ದಾಟಿಲ್ಲ. ಇದು ನನ್ನ ದೊಡ್ಡಸ್ತಿಕೆಯಲ್ಲ. ನನ್ನ ಯಜಮಾನರು ಇಟ್ಟುಹೋದ ರೂಢಿ.

ಆಮೇಲೆ ದೇಶದ ದೊಡ್ಡ ನ್ಯಾಯಾಲಯ ಕಾಡಿನ ವಿಷಯದಲ್ಲಿ ಬಿಗಿಯಾಯಿತು. ಸರ್ಕಾರಿ ಕಾಡಿನ ಪಕ್ಕದಲ್ಲಿ ಸಾಮಿಲ್ ಇರಕೂಡದು, ಪರವಾನಗಿ ಇಲ್ಲದೆ ಗರಗಸ ತಿರುಗಕೂಡದು, ಮಿಲ್ಲುಗಳು ಕೈಗಾರಿಕಾ ಪ್ರದೇಶಕ್ಕೆ ಹೋಗಲಿ ಎಂದು ಒಂದರ ಹಿಂದೆ ಒಂದು ಆದೇಶಗಳು ಬಂದವು. ನಮ್ಮ ಮರದ ವ್ಯಾಪಾರಿಗಳ ಸಂಘ ಸಭೆ ಸೇರಿತು. ಅಲ್ಲಿ ಮೊದಲು ಎದ್ದದ್ದು ನ್ಯಾಯವಾದ ಸಿಟ್ಟೇ. ಮಿಲ್ಲನ್ನೇ ನಂಬಿದವರು ಹೊಟ್ಟೆಗೇನು ಮಾಡಬೇಕು ಎಂದು ಕೇಳಿದರು. ಒಂದು ದಿನ ಎಲ್ಲರೂ ಮಿಲ್ ಮುಚ್ಚಿ ತಾಲ್ಲೂಕು ಕಚೇರಿಯ ಮುಂದೆ ಕೂತೆವು. ನಾನೂ ಕೂತೆ. ಆದರೆ ಆದೇಶವೇ ತಪ್ಪು ಎಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ನಾನು ಮದುವೆಯಾಗಿ ಬಂದಾಗ ಆ ಗುಡ್ಡ ದೂರದಿಂದ ಕಪ್ಪಗೆ ಕಾಣುತ್ತಿತ್ತು. ಈಗ ಬಂಡೆಗಳು ಕಾಣುತ್ತವೆ. ಆ ಗುಡ್ಡ ಮಳೆಗೆ ಬೋಳಾದದ್ದಲ್ಲ.

ಮುಂದಿನ ಸಭೆಯ ಹೊತ್ತಿಗೆ ಸಂಘದ ಸಿಟ್ಟು ಇಳಿದಿತ್ತು, ಬುದ್ಧಿ ಚುರುಕಾಗಿತ್ತು. ಅಧ್ಯಕ್ಷರು ಎಲ್ಲರಿಗೂ ಟೀ ಕೊಡಿಸಿ ನಿಧಾನವಾಗಿ ವಿವರಿಸಿದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮಾನನಷ್ಟದ ಮೊಕದ್ದಮೆ ಹೂಡಲು ಅವರಿಗೆ ವಕೀಲರ ಕೊರತೆಯಿಲ್ಲ.

"ಕಾನೂನಿನ ಜೊತೆ ಜಗಳ ಆಡಬಾರದು. ಕಾನೂನಿಗೆ ಬೇಕಾದ್ದು ಕಾಗದ. ಮರ ಗುಡ್ಡದ್ದೇ ಇರಲಿ, ಸಾಗಾಣಿಕೆ ಪಾಸು ಹೊಲದ್ದಿರಲಿ. ಮರದ ಮೇಲೇನು ಊರ ಹೆಸರು ಬರೆದಿರ್ತದಾ?" ಎಂದರು.

ನಾನು ಕೇಳಿದೆ: "ಅಧ್ಯಕ್ಷರೇ, ನಮ್ಮ ಕಡೆ ಯಾವ ರೈತ ಹೊಲದಲ್ಲಿ ಹೊನ್ನೆ ಬೆಳೆದಿದ್ದಾನೆ?"

"ನಿಮಗ್ಯಾಕೆ ಬೇಕು ಬೇಗಂ ಸಾಹೇಬ್ರೇ, ನೀವು ಬೇವು ಕೊಯ್ಕೊಂಡು ಆರಾಮಾಗಿರಿ," ಎಂದು ನಕ್ಕರು. ಎಲ್ಲರೂ ನಕ್ಕರು. ನಾನು ಟೀ ಲೋಟ ಅಲ್ಲೇ ಇಟ್ಟು ಎದ್ದು ಬಂದೆ.

ಬಂದವಳು ಮನೆಯಲ್ಲಿ ಕೂರಬೇಕಿತ್ತು ಎಂದು ನನ್ನ ಹಿತೈಷಿಗಳು ಈಗಲೂ ಹೇಳುತ್ತಾರೆ. ನಾನು ತಮ್ಮ ಕಚೇರಿಗೆ ಬಂದೆ. ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ಮೇಲೆ ಎಷ್ಟು ಅನುಕೂಲ ನೋಡಿ: ಮೊದಲು ಕೋಲಾರದವರೆಗೆ ಹೋಗಿ ಅವಮಾನಪಟ್ಟು ಬರಬೇಕಿತ್ತು, ಈಗ ಹತ್ತಿರದಲ್ಲೇ ಆ ಕೆಲಸ ಮುಗಿಸಿ ಊಟದ ಹೊತ್ತಿಗೆ ಮನೆ ಸೇರಬಹುದು. ತಾವು ನನಗೆ ಕುರ್ಚಿ ಕೊಟ್ಟಿರಿ. ಗುಡ್ಡದ ಬುಡದಲ್ಲಿ ಮರ ಎಲ್ಲಿ ಇಳಿಯುತ್ತದೆ, ಯಾರ ಲಾರಿ ಬರುತ್ತದೆ ಎಂದು ನಾನು ಹೇಳಿದ್ದನ್ನೆಲ್ಲ ತಲೆದೂಗಿ ಕೇಳಿದಿರಿ. "ತಮ್ಮಂಥ ಜವಾಬ್ದಾರಿಯುತ ನಾಗರಿಕರು ಇಲಾಖೆಗೆ ಬೇಕು ಮೇಡಂ" ಎಂದಿರಿ. ನಾನು ನಂಬಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸಂತೋಷವಾಗಿ ಊರಿಗೆ ಬಂದೆ.

ತಮ್ಮ ಜೀಪು ಬಂತು. ಬಂದದ್ದು ಗುಡ್ಡಕ್ಕಲ್ಲ, ನನ್ನ ಮಿಲ್ಲಿಗೆ. ಆ ಹೊತ್ತಿಗೆ ಗರಗಸದ ಮೇಲೆ ಪಕ್ಕದ ಹಳ್ಳಿಯ ಆಂಜಿನಮ್ಮನವರ ಬೇವಿನ ದಿಮ್ಮಿ ಅರ್ಧ ಕೊಯ್ದು ನಿಂತಿತ್ತು. ಅವರು ಕಟ್ಟಿಸುತ್ತಿದ್ದ ಮನೆಯ ಬಾಗಿಲಿಗೆ ಅದು. ನನ್ನ ಮಿಲ್ ಕಾಡಿನ ಎಲ್ಲೆಗೆ ಹತ್ತಿರವಾಗಿದೆ ಎಂದು ಮಹಜರು ಬರೆದರು. ಯಾವ ಕಾಡು ಎಂದು ಕೇಳಿದೆ. ರಸ್ತೆಯಾಚೆಗಿನ ಒಂದು ದಿಬ್ಬ ತೋರಿಸಿದರು. ಅಲ್ಲಿ ಮರವೆಂಬುದು ಒಂದೂ ಇಲ್ಲ, ಜಾಲಿ ಗಿಡದ ಮಧ್ಯೆ ಇಲಾಖೆಯ ಕಲ್ಲು ಮಾತ್ರ ಇದೆ. "ಅಮ್ಮ, ಈ ಒಂದು ತುಂಡು ಮುಗಿಸಿಬಿಡ್ತೀನಿ, ಆಯಮ್ಮನ ಮರ ಹಾಳಾಗ್ತದೆ" ಎಂದು ಆವುಲಪ್ಪನವರು ನನ್ನನ್ನು ಕೇಳಿದರು, ನಾನು ತಮ್ಮ ಸಿಬ್ಬಂದಿಯನ್ನು ಕೇಳಿದೆ. ಆಗಲ್ಲ ಎಂದರು. ಆ ದಿಮ್ಮಿ ಇವತ್ತಿಗೂ ಒಳಗೇ ಇದೆ. ಆಂಜಿನಮ್ಮನವರು ಕಬ್ಬಿಣದ ಬಾಗಿಲು ಹಾಕಿಸಿಕೊಂಡರು. ನನ್ನನ್ನು ಕಂಡರೆ ಈಗ ಮುಖ ತಿರುಗಿಸುತ್ತಾರೆ, ಅದು ಅವರ ತಪ್ಪಲ್ಲ.

ಅಧ್ಯಕ್ಷರ ಮಿಲ್ಲಿಗೆ ಏನಾಯಿತೆಂದು ಓದುವವರು ಕೇಳಬಹುದು. ಅವರು ಕಾನೂನಿಗೆ ತಲೆಬಾಗಿದರು. ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ಹಾಕಿದರು, ದೊಡ್ಡ ಬೋರ್ಡು ಬರೆಸಿದರು, ಪೂಜೆ ಮಾಡಿಸಿದರು. ತಾವೂ ಬಂದು ತೆಂಗಿನಕಾಯಿ ಪ್ರಸಾದ ತೆಗೆದುಕೊಂಡಿರಿ. ಕಾಡಿನಿಂದ ದೂರ, ಪರವಾನಗಿ ಸರಿ, ಎಲ್ಲ ಸರಿ. ಒಂದೇ ಕೊರತೆ, ಆ ಶೆಡ್ಡಿನಲ್ಲಿ ಮರ ಕೊಯ್ಯುವುದಿಲ್ಲ. ಪಕ್ಕದ ಕಾರ್ಖಾನೆಯ ಕೆಲಸಗಾರರನ್ನು ಕೇಳಿ ನೋಡಿ, ಅಲ್ಲಿಂದ ಗರಗಸದ ಸದ್ದು ಕೇಳಿದವರು ಯಾರಿದ್ದಾರೆ? ಅಸಲು ಗರಗಸ ಗುಡ್ಡದ ಬುಡದಲ್ಲಿ, ಹಳೆಯ ಇಟ್ಟಿಗೆ ಗೂಡಿನ ಹಿಂದೆ, ಹಾಡಹಗಲಲ್ಲೇ ತಿರುಗುತ್ತಿತ್ತು. ನನ್ನ ಮಿಲ್ಲಿನಿಂದ ದಿಬ್ಬದವರೆಗೆ ಅಳೆದ ಟೇಪು ಅಲ್ಲಿಗೆ ಮಾತ್ರ ಏಕೆ ಸಾಲದೇ ಹೋಯಿತು?

ನನ್ನ ಮಿಲ್ ಮುಚ್ಚಿದ ಮೇಲೆ ಆವುಲಪ್ಪನವರು ಸ್ವಲ್ಪ ಕಾಲ ಗಾರೆ ಕೆಲಸಕ್ಕೆ ಹೋದರು. ವಯಸ್ಸಾದವರಿಗೆ ಅಲ್ಲಿ ಯಾರೂ ಕರೆಯುವುದಿಲ್ಲ. ಒಂದು ಬೆಳಗ್ಗೆ ನನ್ನ ಮನೆಗೆ ಬಂದು ಜಗಲಿಯ ಮೇಲೆ ಕೂತರು.

"ಅಮ್ಮ, ಅಧ್ಯಕ್ಷರು ಕರೀತಾವ್ರೆ. ಹೋಗ್ಲಾ?"

"ಅಲ್ಲಿ ಬರೋದು ಯಾವ ಮರ ಅಂತ ಗೊತ್ತಲ್ಲ ಆವುಲಪ್ಪನೋರೇ."

"ಗೊತ್ತು. ಕೇಳಿದ್ರೆ ನಾಳೆಯಿಂದ ಬರಬೇಡ ಅಂತಾರೆ. ಕೇಳದೆ ಇದ್ರೆ ಮನೇಲಿ ಒಲೆ ಉರೀತದೆ. ನೀವು ಬೇಡ ಅಂದ್ರೆ ಹೋಗಲ್ಲ."

ಬೇಡ ಎನ್ನಲು ನನ್ನ ಬಳಿ ಬೇರೆ ಕೆಲಸವಿತ್ತೇ ಸ್ವಾಮಿ? ಅವರು ಹೋದರು.

ತಮಗೆ ಮೇಲಿನಿಂದ ಒತ್ತಡ ಬಂತೆಂದು ಕೇಳಿದೆ. ಯಾರೋ ಬೆಂಗಳೂರಿನ ಪರಿಸರ ಹೋರಾಟಗಾರರು ಗುಡ್ಡ ಹತ್ತಿ, ಕಡಿದ ಬೊಡ್ಡೆಗಳ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದರಂತೆ. ದಾಳಿ ಮಾಡಲೇಬೇಕಾಯಿತು, ಮಾಡಿದಿರಿ. ಆದರೆ ದಾಳಿಯ ಹಿಂದಿನ ದಿನವೇ ಲಾರಿ ಬಂದು ಕೊಯ್ದಿಟ್ಟ ಒಳ್ಳೆಯ ನಾಟಾವನ್ನೂ ಗರಗಸದ ಮೋಟಾರನ್ನೂ ಹೊತ್ತುಕೊಂಡು ಹೋಯಿತು. ಉಳಿದ ಕೆಲಸಗಾರರಿಗೆ ರಜೆ. ಆವುಲಪ್ಪನವರಿಗೆ ಮಾತ್ರ, ನಾಳೆ ಬಂದು ಹೊಟ್ಟು ಗುಡಿಸಿಹೋಗು ಎಂಬ ಅಪ್ಪಣೆ. ಅವರು ಬಂದು ಪೊರಕೆ ಹಿಡಿದರು, ತಾವು ಬಂದು ಅವರನ್ನು ಹಿಡಿದಿರಿ. ಕೊಂಕು ತುಂಡುಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂರಿಸಿ, ಹಿಂದೆ ತಮ್ಮ ಸಿಬ್ಬಂದಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಿರಿ. ಮಾರನೆಯ ದಿನದ ಪತ್ರಿಕೆಯಲ್ಲಿ ಅವರು 'ಖತರ್ನಾಕ್ ಮರಗಳ್ಳ', ತಾವು 'ದಕ್ಷ ಅಧಿಕಾರಿ'. ಗಾಳಿಯಲ್ಲಿ ಕರಗಿದಂತೆ ಮಾಯವಾದ ಮೋಟಾರಿನ ಬಗ್ಗೆ ಒಂದು ಸಾಲಿಲ್ಲ. ದಾಳಿಯ ಸುದ್ದಿ ಲಾರಿಗೆ ಯಾರು ಹೇಳಿದರು? ಈ ಪ್ರಶ್ನೆ ತಮಗೆ ಒಂದು ಸಲವಾದರೂ ಹೊಳೆಯಲಿಲ್ಲವೇ?

ಆವುಲಪ್ಪನವರ ಹೆಂಡತಿ ಕೊಂಡಮ್ಮ ಆ ಪತ್ರಿಕೆಯನ್ನು ಸೆರಗಿನಲ್ಲಿ ಮಡಚಿಟ್ಟುಕೊಂಡು ನನ್ನ ಮನೆಗೆ ಬಂದರು. ಓದಲು ಬಾರದ ಹೆಂಗಸು. "ಏನು ಬರೆದವ್ರೆ ಓದಮ್ಮ" ಎಂದರು. ನಾನು ಓದಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ವಕೀಲರ ಹತ್ತಿರ ಹೊರಟೆ. ನನ್ನ ಮನೆಯನ್ನೇ ಜಾಮೀನಿಗೆ ಕೊಟ್ಟು ಬಿಡಿಸಿಕೊಂಡು ಬರುವ ಹೊತ್ತಿಗೆ ಆವುಲಪ್ಪನವರ ಗಡ್ಡ ಬೆಳ್ಳಗೆ ಬೆಳೆದಿತ್ತು, ಸೊಂಟಕ್ಕೆ ಪಂಚೆ ನಿಲ್ಲುತ್ತಿರಲಿಲ್ಲ. ಊರಿನಲ್ಲಿ ಈಗ ಅವರನ್ನು 'ಚೆಕ್ಕ ದೊಂಗ' ಎನ್ನುತ್ತಾರೆ. ಗಡಿನಾಡಿನ ತೆಲುಗು ತಮಗೆ ಬಾರದಿದ್ದರೆ ಹೇಳುತ್ತೇನೆ, ಮರಗಳ್ಳ ಎಂದರ್ಥ. ಟೀ ಅಂಗಡಿಯ ಬೆಂಚಿನಲ್ಲಿ ಅವರು ಕೂತರೆ ಪಕ್ಕದವರು ಎದ್ದು ಹೋಗುತ್ತಾರೆ. ಅವರು ಈಗ ಟೀ ಕುಡಿಯುವುದನ್ನೇ ಬಿಟ್ಟಿದ್ದಾರೆ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಹಣೆಬರಹವೆಂದು ಸುಮ್ಮನಾಗುತ್ತಿದ್ದೆನೇನೋ. ಅಧ್ಯಕ್ಷರು ಆವುಲಪ್ಪನವರ ಮನೆಗೆ ಜನ ಕಳಿಸಿದರು. ಕೋರ್ಟಿನಲ್ಲಿ ತಪ್ಪಾಯ್ತು ಅಂದುಬಿಡು, ದಂಡ ನಾವು ಕಟ್ಟುತ್ತೇವೆ, ಮಗಳು ತನುಜಳ ಮದುವೆಯ ಖರ್ಚೂ ನಮ್ಮದೇ ಎಂದರಂತೆ. ಕೊಂಡಮ್ಮ ಗಂಡನ ಮುಖ ನೋಡಿದರು. ಅವರ ಪರಿಸ್ಥಿತಿಯಲ್ಲಿ ನಾನಿದ್ದರೆ ಒಪ್ಪಿಕೋ ಎನ್ನುತ್ತಿದ್ದೆನೋ ಏನೋ. ಆವುಲಪ್ಪನವರು ಬಂದವರಿಗೆ ನೀರು ಕೊಟ್ಟು ಹೇಳಿದ್ದು ಇಷ್ಟು: "ಕೊಯ್ದಿದ್ದೀನಿ. ಯಾರ ಮಿಷನ್ನಲ್ಲಿ ಕೊಯ್ದೆ ಅಂತ ಕೇಳಿದ್ರೆ ಅದೂ ಹೇಳ್ತೀನಿ. ಕದ್ದೆ ಅಂತ ಮಾತ್ರ ಹೇಳಲ್ಲ." ಆಮೇಲೆ ಅವರಿಗೆ ಗಾರೆ ಕೆಲಸವೂ ಸಿಗುತ್ತಿಲ್ಲ. ಯಾರು ಸಿಗದಂತೆ ಮಾಡಿದರೋ ನಾನು ಹೇಳಲಾರೆ. ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಲ್ಲಿ ಅವರ ಗುರುತು ಯಾರಿಗೂ ಇಲ್ಲ. ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಹುರುಳಿಕಾಯಿ ಮೂಟೆ ಹೊತ್ತು ಬರುತ್ತಿದ್ದಾರೆ.

ಹೋದ ತಿಂಗಳು ನಾನು ಮತ್ತೆ ತಮ್ಮ ಕಚೇರಿಗೆ ಬಂದೆ. ಈ ಸಲ ಕುರ್ಚಿ ಕೊಡಲಿಲ್ಲ. ಸಾಕ್ಷಿ ಏನಿದೆ ಎಂದು ಕೇಳಿದಿರಿ. ನಾನಿದ್ದೇನೆ, ಆ ಸಭೆಯಲ್ಲಿ ಕೂತಿದ್ದವಳು, ಮೊದಲೇ ಬಂದು ತಮಗೆ ಹೇಳಿದವಳು ಎಂದೆ. ತಾವು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ಮಿಲ್ಲಿನ ಬೀಗ ತೆಗೆಯಲು ನೀವು ಕೊಟ್ಟ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ ಮೇಡಂ. ಯೋಚನೆ ಮಾಡಿ ಮಾತಾಡಿ."

ಯೋಚನೆ ಮಾಡಿದೆ. ಮಾಡಿಯೇ ಹತ್ತು ಜನ ಓದುವಂತೆ ಇಲ್ಲಿ ಮಾತಾಡುತ್ತಿದ್ದೇನೆ. ಕಾಡು ಉಳಿಸುವ ಕಾನೂನು ಬಂದಾಗ ಕಾಡು ನುಂಗುವವರು ಹೆದರುತ್ತಾರೆಂದು ನಾನು ತಿಳಿದಿದ್ದೆ. ಅವರು ಹೆದರಲಿಲ್ಲ, ಅದನ್ನು ದತ್ತು ತೆಗೆದುಕೊಂಡರು. ಮೊದಲು ಮರ ಕಡಿಯಲು ಕೊಡಲಿಯೊಂದೇ ಇತ್ತು, ಈಗ ಪೈಪೋಟಿಯವರನ್ನು ಕಡಿಯಲು ತಮ್ಮ ಬೀಗವೂ ಸಿಕ್ಕಿತು. ಹೊಲದ ಬೇವು ಕೊಯ್ಯುವ ಮಿಲ್ ಮುಚ್ಚಿದ್ದರಿಂದ ಯಾವ ಹೊನ್ನೆ ಉಳಿಯಿತು, ಒಂದನ್ನು ತೋರಿಸಿ. ರೈತನ ಮರವನ್ನು ನ್ಯಾಯವಾಗಿ ಕೊಯ್ದು ಕೊಡಲು ಈಗ ನಮ್ಮ ಹೋಬಳಿಯಲ್ಲಿ ಯಾರಿದ್ದಾರೆ? ಅವನೂ ಅಧ್ಯಕ್ಷರ ಬಾಗಿಲಿಗೇ ಹೋಗಬೇಕು. ಅವನ ಬೇವಿಗೆ ಕೊಟ್ಟ ಪಾಸಿನಲ್ಲಿ ಗುಡ್ಡದ ಮರ ಊರು ದಾಟಬೇಕು. ಇದಕ್ಕೆ ಅರಣ್ಯ ಸಂರಕ್ಷಣೆ ಎಂದು ಹೆಸರಿಟ್ಟವರ ಕನ್ನಡ ನನ್ನ ಕನ್ನಡಕ್ಕಿಂತ ಬಹಳ ಮುಂದುವರಿದಿದೆ.

ಆವುಲಪ್ಪನವರ ಮೊಕದ್ದಮೆ ಗೌರಿಬಿದನೂರಿನ ನ್ಯಾಯಾಲಯದಲ್ಲಿ ಮುಂದಿನ ತಿಂಗಳು ವಿಚಾರಣೆಗೆ ಬರುತ್ತದೆ. ನಾನು ಸಾಕ್ಷಿ ಹೇಳುತ್ತೇನೆ. ಸಭೆಯಲ್ಲಿ ಕೇಳಿದ್ದನ್ನೂ ತಮ್ಮ ಕಚೇರಿಯಲ್ಲಿ ಹೇಳಿದ್ದನ್ನೂ, ಪೆನ್ನಿನ ಮುಚ್ಚಳದ ಸಮೇತ ಹೇಳುತ್ತೇನೆ. ಅದಕ್ಕೆ ಮೊದಲು ತಾವು ಮಾಡಬೇಕಾದ ಕೆಲಸ ಎರಡಿವೆ. ದೂರಿನಲ್ಲಿ ಗರಗಸದ ಒಡೆಯರ ಹೆಸರು ಸೇರಿಸಿ. ಇಟ್ಟಿಗೆ ಗೂಡಿನ ಹಿಂದೆ ಹೋದ ವಾರದಿಂದ ಮತ್ತೆ ಮೋಟಾರು ತಿರುಗುತ್ತಿದೆ, ಹೋಗಿ ನಿಲ್ಲಿಸಿ. ದಾರಿ ಗೊತ್ತಿಲ್ಲದಿದ್ದರೆ ಜೀಪಿನಲ್ಲಿ ನನ್ನನ್ನೂ ಕೂರಿಸಿಕೊಳ್ಳಿ, ತೋರಿಸುತ್ತೇನೆ.

ನನ್ನ ಮಿಲ್ಲಿನ ಬೀಗ ತೆಗೆಯಿರಿ ಎಂದು ಈ ಪತ್ರದಲ್ಲಿ ಎಲ್ಲಿಯೂ ಕೇಳಿಲ್ಲ, ಗಮನಿಸಿರಬಹುದು. ಆ ಅರ್ಜಿಯನ್ನು ತಾವು ಇವತ್ತೇ ಹರಿದು ಹಾಕಬಹುದು. ಇನ್ನು ಮೇಲೆ ನನ್ನನ್ನು ಹೆದರಿಸಲು ತಮ್ಮ ಕೈಯಲ್ಲಿ ಏನೂ ಉಳಿದಿಲ್ಲ.

ಇಂತಿ,
ತಾವು ಹೊಗಳಿದ್ದನ್ನು ಒಂದು ಬಸ್ ಪ್ರಯಾಣದಷ್ಟು ಹೊತ್ತು ನಂಬಿದ ಜವಾಬ್ದಾರಿಯುತ ನಾಗರಿಕಳು,
ಹಮೀದಾ ಬೇಗಂ
ನಗರಗೆರೆ ರಸ್ತೆ, ಗೌರಿಬಿದನೂರು ತಾಲ್ಲೂಕು